ತಣ್ಣಗಿನ ಒಗ್ಗರಣೆ

ಬಿಸಿ ತಾಗದೆ ಯಾವುದಕ್ಕೂ ಘಮ ಬರುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಇಂಗು ಕಾದ ಎಣ್ಣೆಗೆ ಬಿದ್ದರೆ ಮೂರನೆಯ ಮನೆಗೂ ಸುದ್ದಿ ಮುಟ್ಟುವ ಮೈಸೂರಿನ ಓಣಿಯಲ್ಲಿ ಬೆಳೆದವನು ಬೇರೇನು ನಂಬಿಯಾನು? ಈ ನಂಬಿಕೆಯೊಂದಿಗೇ ಜರ್ಮನಿಯ ಸಿಂಡೆಲ್‌ಫಿಂಗೆನ್‌ ಊರಿನ ಬಾಡಿಗೆ ಮನೆಯಲ್ಲಿ ಬಿಯರ್ ಮಾಡಲು ಹೊರಟೆ. ನನ್ನ ಅಮ್ಮನಿಗೆ ಅದು ಬಾರ್ಲಿ ಕಷಾಯವೆಂದಷ್ಟೇ ಗೊತ್ತು. ಹೆಚ್ಚು ವಿವರಿಸುವ ಧೈರ್ಯ ನನಗಿಲ್ಲ.

ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವು. ಹುದುಗು ಬಂದು ಮುಗಿದ ಮೇಲೆ ಒಣಗಿದ ಹೂವನ್ನು ಇನ್ನೊಮ್ಮೆ ಹಾಕಿ ನೆನೆಸುವುದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ. ತಂಪಿನಲ್ಲಿ ನೆನೆಸಿ ಎಂದು ಪುಸ್ತಕ ಹೇಳಿತ್ತು. ಪಾಪ, ಬರೆದವನಿಗೆ ಒಗ್ಗರಣೆ ಗೊತ್ತಿಲ್ಲ ಎಂದು ಕನಿಕರಪಟ್ಟು, ಪಾತ್ರೆಯನ್ನು ಹೀಟರ್ ಪಕ್ಕ ಇಟ್ಟು, ಕಂಬಳಿ ಹೊದಿಸಿ ವಾರವಿಡೀ ಬಿಟ್ಟೆ.

ನಮ್ಮ ಕಟ್ಟಡದವರು ಪ್ರತಿ ಬೇಸಿಗೆ ಅಂಗಳದಲ್ಲಿ ಸೇರಿ ಊಟ ಮಾಡುತ್ತೇವೆ. ಹೋದ ವರ್ಷ ಅಲ್ಲಿಗೆ ನನ್ನ ಬಾಟಲಿಗಳೂ ಹೋದವು. ಕೆಳಮನೆಯ ಹೆರ್ ಬಾಯರ್ ಬಿಯರ್ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದವರು. ಒಂದು ಗುಟುಕು ಕುಡಿದು "ಇಂಟೆರೆಸಾಂಟ್", ಅಂದರೆ ಸ್ವಾರಸ್ಯವಾಗಿದೆ, ಎಂದರು. ಗ್ಲಾಸನ್ನು ಹೂಕುಂಡದ ಪಕ್ಕ ಇಟ್ಟವರು ಮತ್ತೆ ಮುಟ್ಟಲಿಲ್ಲ. ನಾನೂ ಕುಡಿದು ನೋಡಿದೆ: ಹುಲ್ಲು ನೆನೆಸಿದ ನೀರು. ಸುಳ್ಳು ಯಾಕೆ ಹೇಳಲಿ, ಅವಮಾನವಾಯಿತು. ಮುಂದಿನ ಸಲ ಅವರು ಎರಡನೆಯ ಗ್ಲಾಸ್ ಕೇಳದಿದ್ದರೆ ಪಾತ್ರೆ ಪಗಡೆಯನ್ನೆಲ್ಲ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಹೆಂಡತಿ ಸುಧಾಳ ಮುಂದೆ ಶಪಥ ಮಾಡಿದೆ.

ಬಿಸಿ ಸಾಲಲಿಲ್ಲವೆಂದೇ ನನ್ನ ತೀರ್ಮಾನ. ಈ ವರ್ಷ ಎರಡನೆಯ ಕಂಬಳಿ ಹೊದಿಸುತ್ತಿದ್ದಾಗ ಸುಧಾ ಕೇಳಿದಳು:

"ಅಲ್ರೀ, ಮಜ್ಜಿಗೆಗೆ ಕೊತ್ತಂಬರಿ ಸೊಪ್ಪು ಹಾಕ್ಬೇಕಾದ್ರೆ ಮಜ್ಜಿಗೆ ಬಿಸಿ ಮಾಡ್ತೀರಾ?"

ಹೌದಲ್ಲ! ನೀರುಮಜ್ಜಿಗೆಯ ಕೊತ್ತಂಬರಿ, ಜಜ್ಜಿದ ಶುಂಠಿ ಯಾವ ಬೆಂಕಿ ಕಂಡಿವೆ? ಆದರೂ ಲೋಟ ತುಟಿಗೆ ಬರುವ ಮೊದಲೇ ಘಮ ಮೂಗಿಗೆ ಬಂದಿರುತ್ತದೆ. ತೆಪ್ಪಗೆ ಕಂಬಳಿ ಮಡಿಸಿದೆ. ಪಾತ್ರೆಯನ್ನು ನೆಲಮಾಳಿಗೆಗೆ ಇಳಿಸಿದೆ. ಅಲ್ಲಿ ಹದಿನಾಲ್ಕು ಡಿಗ್ರಿ. ಹಾಪ್ಸ್ ಹಾಕಿ, ಮೂರೇ ದಿನಕ್ಕೆ ಸೋಸಿದೆ. ತಂಪಿನ ಬಗ್ಗೆ ಈಗ ಯಾರು ಕೇಳಿದರೂ ಎದೆ ತಟ್ಟಿ ಉಪನ್ಯಾಸ ಕೊಡಬಲ್ಲೆ, ಕೇಳದವರಿಗೂ ಕೊಡುತ್ತಿದ್ದೇನೆ.

ಈ ಬೇಸಿಗೆ ಹೆರ್ ಬಾಯರ್ ಮೂಸಿದರು, ಕುಡಿದರು, ಗ್ಲಾಸ್ ಹಿಡಿದು ಅದೇ ಹೂಕುಂಡದತ್ತ ನಡೆದರು. ಪಾತ್ರೆಗಳನ್ನು ಯಾರಿಗೆ ಕೊಡುವುದೆಂದು ಲೆಕ್ಕ ಹಾಕತೊಡಗಿದೆ. ಅವರು ಕುಂಡವನ್ನು ಪಕ್ಕಕ್ಕೆ ಸರಿಸಿ, ಆರಾಮವಾಗಿ ಕೂತು ಪೂರ್ತಿ ಕುಡಿದು, ಖಾಲಿ ಗ್ಲಾಸನ್ನು ನನ್ನತ್ತ ಚಾಚಿದರು. ಯಾರ ಹತ್ತಿರ ಕಲಿತಿರಿ ಎಂದೂ ಕೇಳಿದರು.

ಗ್ಲಾಸ್ ತುಂಬಿಸಿ, ಆಚೆ ಮೇಜಿನಲ್ಲಿ ಮಜ್ಜಿಗೆ ಬಗ್ಗಿಸುತ್ತಿದ್ದ ಸುಧಾಳನ್ನು ತೋರಿಸಿದೆ. ಹೆರ್ ಬಾಯರ್ ಎದ್ದು ನಿಂತು ಅವಳ ಗೌರವಕ್ಕೆಂದು ಗ್ಲಾಸ್ ಎತ್ತಿದರು. ಅವಳು ಇವತ್ತಿನವರೆಗೆ ಒಂದು ಹನಿ ಬಿಯರ್ ಕುಡಿದವಳಲ್ಲ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.