ಅದ್ರಾಮಾಕನ ಚರ್ಮದ ವಾಶರ್

ಇವತ್ತು ಬೆಳಿಗ್ಗೆ ಬಚ್ಚಲಿನ ಕಿಟಕಿಯಿಂದ ತೆಂಗಿನೆಣ್ಣೆಯ ಕುಪ್ಪಿ ತೆಗೆದು ಅಂಗೈಗೆ ಬಗ್ಗಿಸಿದೆ. ಏನೂ ಬೀಳಲಿಲ್ಲ. ಚಳಿಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು.

"ಬಿಸಿಲಿಗಿಡಿ, ಕರಗ್ತದೆ. ಅದಕ್ಕೂ ನಾನೇ ಹೇಳ್ಬೇಕಾ?" ಎಂದಳು ಹೆಂಡತಿ ಒಳಗಿನಿಂದ.

ಹೇಳಬೇಕು. ನನಗಂತೂ ಹೇಳಲೇಬೇಕು. ನಾನು ಬಿ.ಎಸ್ಸಿ.

ನಗಬೇಡಿ. ನಮ್ಮ ಮನೆಯಲ್ಲಿ ಹೈಸ್ಕೂಲಿನ ಬೆಂಚಿನ ಮೇಲೆ ಕೂತವರಲ್ಲಿ ನಾನೇ ಮೊದಲಿಗ. ಅಪ್ಪ ಹೆಬ್ಬೆಟ್ಟು ಒತ್ತುವವರು, ಅಜ್ಜನಿಗೆ ಒತ್ತುವ ಪ್ರಸಂಗವೇ ಬರಲಿಲ್ಲ. ಮಂಗಳೂರಿನಲ್ಲಿ ಪರರ ಜಗಲಿಯಲ್ಲಿ ಮಲಗಿ, ಅವರ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಅದರ ಬದಲು ಎರಡು ಹೊತ್ತು ಉಂಡು ಗಳಿಸಿದ ಪದವಿ ಅದು. ಅದನ್ನು ನಾನು ಈಗಲೂ ಹಗುರ ಮಾಡುವುದಿಲ್ಲ. ಹಗುರ ಮಾಡಬೇಕಾದದ್ದು ಅದನ್ನು ತಲೆಯ ಮೇಲೆ ಹೊತ್ತುಕೊಂಡು ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ನಮ್ಮೂರು ಕಲ್ಲುಗುಂಡಿಯಲ್ಲಿ ಬಸ್ಸಿಳಿದ ಆ ಹುಂಬನನ್ನು. ಆ ತಲೆಗೆ ಅಮ್ಮನ ತೆಂಗಿನೆಣ್ಣೆ ಆಗುತ್ತಿರಲಿಲ್ಲ, ಪೇಟೆಯ ವಾಸನೆಯ ಕ್ರೀಮೇ ಆಗಬೇಕು. ರಸ್ತೆ ಬದಿಯಲ್ಲಿ ಲಾರಿ ರಿಪೇರಿಯ ಶೆಡ್ಡು ಇಟ್ಟುಕೊಂಡಿದ್ದ ಅದ್ರಾಮಾಕನನ್ನು ನಾನು ಸಣ್ಣಂದಿನಿಂದ ಹಾಗೇ ಕರೆದವನು. ಎಲ್ಲರೂ ಹಾಗೇ ಕರೆಯುತ್ತಿದ್ದರು. ಪದವಿ ಬಂದದ್ದೇ ಬಂದದ್ದು, ಹಿರಿಯರ ಹೆಸರಿಗೆ 'ಅಣ್ಣ'ನ ಹಾಗೆ ಸೇರಿಸುವ ಆ 'ಆಕ' ಬಿಟ್ಟುಹೋಯಿತು. ನನಗಿಂತ ಹದಿನೈದು ವರ್ಷ ದೊಡ್ಡವರು ಬರೀ 'ಅದ್ರಾಮ' ಆದರು. ಅವರು ಮಾತ್ರ ನನ್ನನ್ನು 'ಗೌಡ್ರೆ' ಎನ್ನತೊಡಗಿದರು.

ಆಗ ಪಾನನಿರೋಧದ ಕಾಲ. ಆದರೆ ಕ್ರಿಸ್ತುವರ ಇಗರ್ಜಿಯ ಪೂಜೆಗೆ ದ್ರಾಕ್ಷಾರಸ ಬೇಕಲ್ಲ? ಅದನ್ನು ಮಾಡಲು ಪರವಾನಗಿ ಇದ್ದವರು ಊರಲ್ಲಿ ಒಬ್ಬರೇ, ಸಾಲು ಪೊರ್ಬು ಎಂಬ ಕ್ರಿಸ್ತುವರು. ಹಟ್ಟಿಯಷ್ಟು ಅಗಲದ ಒಂದು ಕೋಣೆ, ನಾಲ್ಕು ಪೀಪಾಯಿ, ದ್ರಾಕ್ಷಿ ಹಿಂಡಲು ಮರದ ತಿರುಪಿನ ಒಂದು ಒತ್ತು. ಆ ವರ್ಷ ಆ ಮರದ ತಿರುಪು ಸೀಳಿಹೋಯಿತು.

"ಬಿ.ಎಸ್ಸಿ. ಕಲ್ತದ್ದಲ್ವಾ ನೀವು? ಎಂತಾದ್ರೂ ಮಾಡಿ ಮಾರಾಯ್ರೆ," ಎಂದರು ಪೊರ್ಬುಗಳು.

ನಾನು ಕಾಯುತ್ತಿದ್ದದ್ದೇ ಅದಕ್ಕೆ. ಸಣ್ಣ ಕೊಳವೆಯಲ್ಲಿ ದ್ರವವನ್ನು ಒತ್ತಿದರೆ ದೊಡ್ಡ ಕೊಳವೆಯಲ್ಲಿ ಅದೇ ಒತ್ತಡ ಹತ್ತಾರು ಪಾಲು ಹೆಚ್ಚು ಬಲ ಕೊಡುತ್ತದೆ. ಪುಸ್ತಕದಲ್ಲಿ ಇತ್ತು, ಪರೀಕ್ಷೆಯಲ್ಲಿ ಬರೆದಿದ್ದೆ. ಹಾಳೆಯ ಮೇಲೆ ಚಿತ್ರ ಬಿಡಿಸಿ ಅದ್ರಾಮಾಕನ ಮುಂದೆ ಇಟ್ಟೆ. ಅವರು ಹಾಳೆಯನ್ನು ಒಮ್ಮೆ ತಿರುಗಿಸಿ ನೋಡಿದರು.

"ಲಾರಿಯ ಬ್ರೇಕೇ ಅಲ್ವಾ ಇದು ಗೌಡ್ರೆ? ದೊಡ್ಡದು ಮಾಡಿದ್ದು ಅಷ್ಟೆ."

ಕೆಲಸವೆಲ್ಲ ಅವರದ್ದು. ಗುಜರಿಯ ಲಾರಿಯಿಂದ ಬ್ರೇಕಿನ ಪಂಪು, ಹಳೆಯ ದಪ್ಪ ಪೈಪಿನಿಂದ ಸಿಲಿಂಡರು, ಎರಡಕ್ಕೂ ನಡುವೆ ಬೆರಳಿಗಿಂತ ಸಪೂರ ತಾಮ್ರದ ನಳಿಗೆ, ಲಾರಿಯ ಚಾಸಿಸ್ ಕತ್ತರಿಸಿ ಚೌಕಟ್ಟು. ಒಳಗೆ ಎಣ್ಣೆ ಸೋರದ ಹಾಗೆ ಎಮ್ಮೆಯ ಚರ್ಮವನ್ನು ಬಟ್ಟಲಿನಂತೆ ಬಗ್ಗಿಸಿ ವಾಶರ್ ಮಾಡಿದರು. ಮೂರು ದಿನ ನೆನೆಹಾಕಿ, ಬಡಿದು, ಒಣಗಿಸಿ, ಪುನಃ ನೆನೆಹಾಕಿ.

"ಮುಸಲ್ಮಾನರಾಗಿ ಸರಾಯಿಯ ಕೆಲಸ ನೀವು ಮಾಡುದಾ?" ಎಂದು ಯಾರೋ ಅವರನ್ನು ಚುಚ್ಚಿದರು.

"ಹಣ್ಣು ಹಿಂಡುದು ನನ್ನ ಕೆಲಸ. ಅದು ಹುಳಿ ಬಂದ ಮೇಲಿಂದು ಪೊರ್ಬುಗಳಿಗೂ ಅವರ ದೇವರಿಗೂ ಬಿಟ್ಟದ್ದು."

ಒಂದು ವಿಷಯದಲ್ಲಿ ಮಾತ್ರ ನಾನು ಬಾಯಿ ಹಾಕಿದೆ. ಬ್ರೇಕಿನ ಎಣ್ಣೆ ತೊಟ್ಟಿಕ್ಕಿದರೆ ಪೂಜೆಯ ರಸ ಕೆಡುತ್ತದೆ, ಆದ್ದರಿಂದ ತೆಂಗಿನೆಣ್ಣೆ ತುಂಬಿಸಬೇಕು ಎಂದೆ. ಇದು ನನ್ನದೇ ಬುದ್ಧಿ. ಪುಸ್ತಕದಲ್ಲೂ ಇರಲಿಲ್ಲ.

ಸುಡು ಬಿಸಿಲಿನ ಒಂದು ಮಧ್ಯಾಹ್ನ ಊರವರೆದುರು ಪ್ರದರ್ಶನ. ದ್ರವ ಒತ್ತಡದ ನಿಯಮದ ಬಗ್ಗೆ ನಾನು ಅರ್ಧ ಗಂಟೆ ಮಾತಾಡಿದೆ, ಅದರಲ್ಲಿ ಕಾಲು ಗಂಟೆ ಇಂಗ್ಲಿಷಿನಲ್ಲಿ. ಒತ್ತಿನಡಿ ಇಟ್ಟ ಒಂದು ಇಡೀ ತೆಂಗಿನಕಾಯಿ ಪಟಾರನೆ ಒಡೆಯಿತು. ಅಪ್ಪ ಮುಂಡಾಸು ಬಿಚ್ಚಿ ಕಣ್ಣು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ದ್ರಾಕ್ಷಿ ಬಂತು. ಮೈಸೂರಿನ ಕಡೆಯಿಂದ ಘಟ್ಟ ಇಳಿದು ಬಂದ ಹಣ್ಣು, ದಾರಿಯಲ್ಲೇ ಅರ್ಧ ಬೆಂದಿತ್ತು. ಬಿಸಿಲೇರುವ ಮೊದಲು ಹಿಂಡದಿದ್ದರೆ ಕೆಟ್ಟ ಹಾಗೇ. ಸುಳ್ಯದ ಲಾರಿ ಧಣಿಯೇ ಜೊತೆಗೆ ಬಂದಿದ್ದರು. ಅವರ ಮೂರು ಲಾರಿಗಳಿಗೆ ರಿಪೇರಿ ಆಗುತ್ತಿದ್ದದ್ದು ಅದ್ರಾಮಾಕನ ಶೆಡ್ಡಿನಲ್ಲೇ. ಹಣ್ಣು ತುಂಬಿಸಿ ನಾನು ಹಿಡಿ ಒತ್ತಿದೆ. ಅಲುಗಲಿಲ್ಲ. ಪೊರ್ಬುಗಳು ಒತ್ತಿದರು. ಇಬ್ಬರೂ ಜೋತುಬಿದ್ದೆವು. ಊಹುಂ.

ಘಟ್ಟದ ಬುಡದ ಜನವರಿ; ಮಧ್ಯಾಹ್ನ ಎಷ್ಟು ಸುಟ್ಟರೂ ಬೆಳಿಗ್ಗೆ ಚಳಿ. ಎಲ್ಲರೂ ಮೈಮೇಲೆ ಕಂಬಳಿ ಹೊದ್ದು ನಿಂತಿದ್ದಾರೆ, ನನ್ನ ಬಾಯಿಂದ ಹೊಗೆ ಏಳುತ್ತಿದೆ. ಆದರೂ ನನಗೆ ಹೊಳೆಯಲಿಲ್ಲ. ಗೊತ್ತಿರಲಿಲ್ಲ ಎಂದಲ್ಲ, ಊರಿನ ಯಾವ ಮಗುವಿಗೆ ಗೊತ್ತಿಲ್ಲ ಅದು? ಆದರೆ ಬಚ್ಚಲಲ್ಲಿ ಕಲಿತದ್ದನ್ನು ನಾನು ಬಚ್ಚಲಲ್ಲೇ ಬಿಟ್ಟು ಬಂದಿದ್ದೆ. ಭೌತಶಾಸ್ತ್ರ ಎಂದರೆ ಮಂಗಳೂರಿನಲ್ಲಿ ಇರುವಂಥದ್ದು.

"ವಾಶರ್ ಉಬ್ಬಿ ಕಚ್ಚಿಕೊಂಡಿದೆ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಚರ್ಮದ ಕೆಲಸ ಸರಿಯಿಲ್ಲ ಅದ್ರಾಮ."

ಧಣಿ ತಲೆಯಾಡಿಸಿದರು. "ಹಾಗಾದ್ರೆ ನನ್ನ ಲಾರಿಯ ಬ್ರೇಕಿನ ಗತಿ ಎಂತ?" ಎಂದು ಹೇಳಿ ಲಾರಿ ಹತ್ತಿ ಹೊರಟೇ ಹೋದರು.

ಅದ್ರಾಮಾಕ ಸ್ಪ್ಯಾನರ್ ತಂದು ನಳಿಗೆಯ ತಿರುಪು ಬಿಚ್ಚಿದರು. ಒಳಗಿನಿಂದ ಬೆಳ್ಳಗೆ, ತುಪ್ಪದ ಹಾಗೆ. ಒಂದು ಬೆರಳು ಗೋರಿ ನನ್ನ ಮೂಗಿನ ಹತ್ತಿರ ಹಿಡಿದರು.

"ಗೌಡ್ರೆ, ಇವತ್ತು ತಲೆಗೆ ಎಣ್ಣೆ ಹಾಕ್ಲಿಲ್ವಾ ನೀವು?"

ಜನ ನಕ್ಕರು. ನಾನು 'ನನ್ನ ತಪ್ಪು' ಎನ್ನಲಿಲ್ಲ. "ಟೆಂಪರೇಚರ್ ವೇರಿಯೇಶನ್," ಎಂದೆ.

"ತಪ್ಪಿಗೆ ಇಂಗ್ಲಿಷಿನಲ್ಲಿ ಹಾಗೆ ಹೇಳುದಾ?" ಎಂದರು ಅದ್ರಾಮಾಕ.

ತಿರುಪು ಪುನಃ ಬಿಗಿದು, ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ನಳಿಗೆಗೂ ಸಿಲಿಂಡರಿಗೂ ಸುತ್ತಿದರು. ಸ್ವಲ್ಪ ಹೊತ್ತಿಗೆ ಹಿಡಿ ಬೆಣ್ಣೆಯಂತೆ ಇಳಿಯಿತು. ರಸ ಹರಿಯಿತು, ಪೂಜೆಗೂ ಒದಗಿತು. ವಾಶರ್ ಒಂದು ತೊಟ್ಟು ಸೋರಲಿಲ್ಲ; ಹಲವು ವರ್ಷ ಸೋರಲಿಲ್ಲ.

ಆದರೆ ಧಣಿ ಅದನ್ನು ನೋಡಲು ನಿಂತಿರಲಿಲ್ಲವಲ್ಲ. ನನ್ನ ಮಾತು ಅವರ ಲಾರಿಯಲ್ಲೇ ಕೂತು ಸುಳ್ಯಕ್ಕೆ ಹೋಯಿತು. ಮೂರೂ ಲಾರಿಗಳು ಶೆಡ್ಡಿಗೆ ಬರುವುದು ನಿಂತಿತು, ಬೇರೆಯವರದ್ದೂ ಒಂದೊಂದಾಗಿ. ಒಂದು ದಿನ ಅದ್ರಾಮಾಕ ನಮ್ಮ ಅಂಗಳಕ್ಕೆ ಬಂದು ನಿಂತೇ ಹೇಳಿದರು:

"ಒಂದು ಉಪಕಾರ ಆಗ್ಬೇಕು ಗೌಡ್ರೆ. ವಾಶರ್ ಸರಿ ಉಂಟು ಅಂತ ಧಣಿಗಳಿಗೆ ಒಂದು ಮಾತು ಹೇಳಿ. ನಾನು ಹೇಳಿದ್ರೆ ತಪ್ಪು ಮುಚ್ಚಿಕೊಳ್ಳಲಿಕ್ಕೆ ಹೇಳುದು ಅಂತಾರೆ. ನೀವು ಬಿ.ಎಸ್ಸಿ. ನಿಮ್ಮ ಮಾತು ನಂಬ್ತಾರೆ."

"ನೋಡುವ," ಎಂದೆ. ನಮ್ಮ ಕಡೆ 'ನೋಡುವ' ಎಂದರೆ ಏನೆಂದು ನಿಮಗೆ ಗೊತ್ತುಂಟು. ಅವರಿಗೂ ಗೊತ್ತಿತ್ತು.

ಸುಳ್ಯದ ಹೋಟೆಲಿನಲ್ಲಿ ಧಣಿ ಸಿಕ್ಕಿದರು ಕೂಡ. "ಆ ವಾಶರಿನ ಬಣ್ಣ ಬಯಲು ಮಾಡಿದ್ದು ನೀವಲ್ವಾ? ನನ್ನ ಜೀವ ಉಳಿಸಿದ್ರಿ ಮಾರಾಯ್ರೆ!" ಎಂದು ನನಗೊಂದು ಚಾ ಹೇಳಿದರು. ನಾನು ಆ ಚಾ ಕುಡಿದೆ. ಪೂರ್ತಿ ಕುಡಿದೆ.

ಆಮೇಲೆ ಪುತ್ತೂರಿನಲ್ಲಿ ಮೇಷ್ಟ್ರಾದೆ. ವರ್ಷ ವರ್ಷವೂ ಆ ನಿಯಮ ಪಾಠ ಮಾಡುವಾಗ ಗಟ್ಟಿಯಾದ ತೆಂಗಿನೆಣ್ಣೆಯ ಕತೆ ಹೇಳಿ ಮಕ್ಕಳನ್ನು ನಗಿಸಿದೆ. ವಾಶರಿನ ಭಾಗವನ್ನು ಪ್ರತಿ ಸಲವೂ ಬಿಟ್ಟೆ. ಅದ್ರಾಮಾಕ ಶೆಡ್ಡು ಮುಚ್ಚಿ ಸುಳ್ಯದಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ಕೂಲಿಗೆ ನಿಂತರು, ಅಲ್ಲೇ ಮುದುಕರಾದರು, ತೀರಿಹೋದರು. ಧಣಿಯೂ ಈಗ ಇಲ್ಲ.

ಇಷ್ಟು ಬರೆಯುವಷ್ಟರಲ್ಲಿ ಅಂಗಳದ ಕುಪ್ಪಿಗೆ ಬಿಸಿಲು ಬಿದ್ದು ಎಣ್ಣೆ ನೀರಾಗಿದೆ. ಅದಕ್ಕೆ ಕಾಲು ಗಂಟೆ ಸಾಕಾಯಿತು. ನನಗೆ ಒಂದು ಆಯುಷ್ಯವೇ ಹಿಡಿಯಿತು. ಇದನ್ನು ಓದುವವರಲ್ಲಿ ಲಾರಿ ಇಟ್ಟುಕೊಂಡವರು ಯಾರಾದರೂ ಇದ್ದರೆ ಕೇಳಿ: ಅದ್ರಾಮಾಕನ ವಾಶರ್ ಸರಿ ಇತ್ತು. ಕೆಟ್ಟದ್ದು ನನ್ನ ತಲೆ. ಹೇಳುತ್ತಿರುವವನು ಬಿ.ಎಸ್ಸಿ., ನಂಬಬಹುದು.