ಮೊದಲ ಕೂಗಿಗೆ ಓಗೊಟ್ಟವಳು

ಮೂರು ಸಲ ಕೂಗದೆ ತಿಪ್ಪಮ್ಮಜ್ಜಿ ಯಾರಿಗೂ ಓಗೊಡುತ್ತಿರಲಿಲ್ಲ. ಕಿವಿ ಚೆನ್ನಾಗಿಯೇ ಇತ್ತು. ನಮ್ಮ ಅಡುಗೆಮನೆಯಲ್ಲಿ ಏನು ಬಿತ್ತೆಂದು ಬೀದಿಯಾಚೆ ಕೂತೇ ಹೇಳುತ್ತಿದ್ದಳು. ಗ್ಯಾಸ್ ಸಿಲಿಂಡರ್ ತರುವವನಂತೂ ಅವಳ ಬಾಗಿಲಲ್ಲಿ ಗಂಟಲು ಹರಿದುಕೊಂಡು ಬೈದುಕೊಳ್ಳುತ್ತಿದ್ದ. "ಮನುಸ್ರಾದ್ರೆ ಮೂರು ಸಲ ಕೂಗ್ತಾರೆ ಕಣವ್ವ. ಅದು ಒಂದೇ ಸಲ ಕೂಗೋದು," ಎನ್ನುತ್ತಿದ್ದಳು. ಅದು ಎಂದರೆ ಯಾವುದು ಎಂದು ಕೇಳಿದರೆ ಬಾಯಿಗೆ ಎಲೆಅಡಿಕೆ ಹಾಕಿಕೊಂಡುಬಿಡುತ್ತಿದ್ದಳು.

ದೊಡ್ಡಬೆಳವಂಗಲದಲ್ಲಿ ನಮ್ಮ ಎದುರು ಮನೆ ಅವಳದು. ಅವಳಿಗಿಂತ ಮೊದಲು ಹುಟ್ಟಿದ ಮಕ್ಕಳೆಲ್ಲ ತೀರಿಕೊಂಡಿದ್ದರಿಂದ, ಅವಳನ್ನು ಹುಟ್ಟಿದ ದಿನವೇ ತಿಪ್ಪೆಯ ಮೇಲೆ ಮಲಗಿಸಿ, ಕಸವೆಂದು ಎತ್ತಿಕೊಂಡು ಬಂದು ಆ ಹೆಸರಿಟ್ಟಿದ್ದರಂತೆ. ಸಾವಿಗೂ ಬೇಡವಾಗಲಿ ಎಂದು. ಉಪಾಯ ಚೆನ್ನಾಗಿಯೇ ನಡೆದಿದೆ, ಆ ಕಸ ಇನ್ನೂ ಅವರೆಕಾಯಿ ಸುಲಿಯುತ್ತಾ ಜಗಲಿಯ ಮೇಲೆ ಕೂತಿದೆ ಎಂದು ನಾನು ರೇಗಿಸುತ್ತಿದ್ದೆ.

ನನ್ನ ಮಗಳು, ಎಂಟು ವರ್ಷದ ಹರ್ಷಿತಾಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ನನ್ನ ತಮಾಷೆ ನಿಂತಿತು. ಕೀಮೋ ಕೊಡಿಸಿ ಬೆಂಗಳೂರಿನಿಂದ ಕರೆತಂದಾಗ ಬಿಳಿ ರಕ್ತಕಣಗಳು ತೀರಾ ಇಳಿದಿದ್ದವು. ಯಾರನ್ನೂ ಹತ್ತಿರ ಸೇರಿಸಬೇಡಿ, ಮಗು ಉಂಡು, ಮಲಗಿ, ನಗುತ್ತಿದ್ದರೆ ತಡೆದುಕೊಳ್ಳುತ್ತಾಳೆ ಎಂದಿದ್ದರು ಡಾಕ್ಟರು. ಆದರೆ ಹರ್ಷಿತಾ ಊಟವನ್ನೇ ಬಿಟ್ಟಳು. ಕಣ್ಣು ಮುಚ್ಚಲು ಹೆದರುತ್ತಿದ್ದಳು. ಎಷ್ಟೋ ಕೇಳಿದ ಮೇಲೆ ಬಾಯಿಬಿಟ್ಟಳು.

"ಮಧ್ಯಾಹ್ನ ಯಾರೋ ಒಂದೇ ಸಲ ಕರೆದ್ರು ಅಮ್ಮ. ನಾನು ಓ ಅಂದ್ಬಿಟ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ಮಗುವಿನ ತಲೆಗೆ ಇದನ್ನೆಲ್ಲ ತುಂಬಿದ್ದು ಆ ಮುದುಕಿಯೇ ಎಂದು ಬೀದಿಯಲ್ಲೇ ನಿಂತು ಕೂಗಾಡಿದೆ. ತಿಪ್ಪಮ್ಮಜ್ಜಿ ಎದ್ದು ಬಂದು, ಸೆರಗನ್ನು ಮೂಗಿಗೆ ಮುಚ್ಚಿಕೊಂಡು, ನಮ್ಮ ಕಿಟಕಿಯಿಂದ ದೂರದಲ್ಲೇ ನಿಂತಳು.

"ನಿನ್ ಹೆಸ್ರ ನಂಗ್ ಕೊಟ್ಬುಡು ಕೂಸೆ. ಇನ್ಮೇಕೆ ಅರ್ಸಿತ ಅಂದ್ರೆ ನಾನು. ಯಾರ್ ಕೂಗುದ್ರೂ ನಾನೇ ಓ ಅಂತೀನಿ. ನೀನು ಉಂಡು ಮನಿಕ್ಕೊ."

"ನಿಂಗೆ ಭಯ ಆಗಲ್ವಾ ಅಜ್ಜಿ?"

"ಕಸವ ಯಾರವ್ವ ಎತ್ಕಂಡೋಯ್ತಾರೆ?"

ಎಷ್ಟೋ ದಿನಗಳ ಮೇಲೆ ಮಗು ನಕ್ಕಿತು. ಆ ಸಂಜೆ ಅರ್ಧ ಮುದ್ದೆ ಉಂಡಿತು.

ಅಂದಿನಿಂದ ಬೀದಿಯಲ್ಲಿ ನರಪಿಳ್ಳೆಯೂ ಇಲ್ಲದ ಮಧ್ಯಾಹ್ನಗಳಲ್ಲಿ ಎದುರು ಜಗಲಿಯಿಂದ "ಓ, ಬಂದೆ" ಎಂಬ ದನಿ ಕೇಳುತ್ತಿತ್ತು. ಕೂಗಿದ್ದು ಮಾತ್ರ ನನಗೆ ಒಮ್ಮೆಯೂ ಕೇಳಲಿಲ್ಲ. ಮಗುವಿಗಾಗಿ ನಾಟಕವಾಡುತ್ತಿದ್ದಾಳೆ ಎಂದುಕೊಂಡೆ. ಆದರೆ ಆ ಹೊತ್ತಿಗೆ ಅವಳ ಜಗಲಿಯ ಕೆಳಗೆ ಮಲಗಿದ್ದ ನಾಯಿ ಎದ್ದು, ಹಿಂದೆ ಹಿಂದೆ ಸರಿಯುತ್ತಿತ್ತು. ಮೊದಮೊದಲು ಬೀದಿಯ ಕೊನೆಯತ್ತ ನೋಡಿ ಓಗೊಡುತ್ತಿದ್ದ ಅಜ್ಜಿ, ಬರುಬರುತ್ತಾ ತನ್ನ ಮೆಟ್ಟಿಲ ಕಡೆಗೇ ನೋಡಿ ಓಗೊಡತೊಡಗಿದಳು. ಅವಳ ಕೆನ್ನೆ ಇಳಿದಿತ್ತು. ಹರ್ಷಿತಾ ಮಾತ್ರ ನಿದ್ದೆ ಮಾಡುತ್ತಿದ್ದಳು, ರಕ್ತದ ರಿಪೋರ್ಟು ಸುಧಾರಿಸುತ್ತಿತ್ತು. ಔಷಧಿಯ ಗುಣ ಎಂದು ನನಗೆ ಗೊತ್ತು. ಆದರೂ ಆ ಮುದುಕಿಯ ಕಾಲು ಹಿಡಿಯಬೇಕೆನಿಸುತ್ತಿತ್ತು.

ಕೊನೆಯ ಸಲ ಮಾತನಾಡಿಸಿದಾಗ, ಸಾಕಜ್ಜಿ, ಮಗುವಿಗೆ ಈಗ ಹೆದರಿಕೆ ಇಲ್ಲ, ಹೆಸರು ಹಿಂದಕ್ಕೆ ಕೊಟ್ಟುಬಿಡಿ ಎಂದೆ.

"ಔಸ್ದಿ ಎಲ್ಲ ಮುಗೀಲಿ ತಡಿಯವ್ವ," ಎಂದಳು. ನನ್ನನ್ನು ನೋಡಲಿಲ್ಲ, ಪಕ್ಕದ ಖಾಲಿ ಜಾಗವನ್ನು ನೋಡುತ್ತಿದ್ದಳು. "ಈಗ್ ಕೊಟ್ರೆ ಹೆಸ್ರಿನ್ ಹಿಂದೇನೆ ಅದೂ ಬತ್ತದೆ."

ಮಾರನೆಯ ದಿನ ಜಗಲಿಯ ಮೇಲೆ ಕೂತಂತೆಯೇ ಹೋಗಿದ್ದಳು. ವಯಸ್ಸಾಗಿತ್ತು ಎಂದರು ಎಲ್ಲರೂ. ನಾನೂ ಹಾಗೆಯೇ ಎಂದೆ.

ಹರ್ಷಿತಾಗೆ ಇನ್ನೂ ಚಿಕಿತ್ಸೆ ಬಾಕಿಯಿತ್ತು. "ಇನ್ನು ಯಾರಮ್ಮ ಓ ಅಂತಾರೆ?" ಎಂದು ಕೇಳಿದಳು. ಯಾರೂ ಕೂಗುವುದಿಲ್ಲ, ಮಲಗು ಎಂದು ತಟ್ಟಿ ಮಲಗಿಸಿದೆ.

ಒಂದು ಮಧ್ಯಾಹ್ನ ಮುಸುರೆ ತಿಕ್ಕುತ್ತಿದ್ದೆ. ನಮ್ಮ ಹೊಸ್ತಿಲ ಆಚೆಯಿಂದ, ತೀರಾ ಪರಿಚಯದವರು ಕರೆದಂತೆ, ಹರ್ಷಿತಾ ಎಂದು ಕೇಳಿತು. ಮತ್ತೆ ಕೂಗುತ್ತಾರೇನೋ ಎಂದು ಉಸಿರು ಹಿಡಿದು ಕಾದೆ. ಕೂಗಲಿಲ್ಲ. ಒಳಗೆ ನಿದ್ದೆಗಣ್ಣಿನಲ್ಲಿ ಮಗುವಿನ ತುಟಿ ತೆರೆಯುತ್ತಿತ್ತು. ಓಡಿಹೋಗಿ ಒದ್ದೆ ಕೈಯಿಂದ ಅವಳ ಬಾಯಿ ಮುಚ್ಚಿ, ಬಾಗಿಲ ಕಡೆಗೆ ತಿರುಗಿದೆ.

"ಓ, ಬಂದೆ," ಎಂದೆ.