ಬರ್ಥಾ ಆಂಟಿ ಬಂಗುಡೆಯ ವಿರುದ್ಧ ಬೆಟ್ ಕಟ್ಟಿದ್ದು

ಬರ್ಥಾ ಆಂಟಿಯ ಮನೆಯ ಸಣ್ಣ ಕೋಣೆಯಲ್ಲಿ ನಾನು ಮೂರು ವರ್ಷ ಬಾಡಿಗೆಗಿದ್ದೆ. ಸಿಡ್ನಿಯ ಎಪ್ಪಿಂಗ್‌ನಲ್ಲಿ, ಸ್ಟೇಷನ್ನಿನಿಂದ ಏಳು ನಿಮಿಷ ನಡೆದರೆ ಸಿಗುವ ಅಪಾರ್ಟ್‌ಮೆಂಟು. ನನ್ನ ಹೆಸರು ಯತೀಶ, ತುಮಕೂರಿನಿಂದ ಓದಲು ಬಂದವನು. ಇಲ್ಲೇ ಕಾಯಂ ನೆಲೆಸುವ ಪಿಆರ್ ಸಿಕ್ಕಿದ ಮೇಲೆ ಪ್ಯಾರಮಟ್ಟಾದ ಒಂದು ಆಫೀಸಿನಲ್ಲಿ ಕೆಲಸ ಹಿಡಿದಿದ್ದೆ. ಆಂಟಿ ಮಂಗಳೂರಿನ ಹತ್ತಿರದ ಬಜಪೆಯವರು, ಮನೆಮಾತು ಕೊಂಕಣಿ. ಬಹರೈನಿನಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿದ್ದು, ಆಮೇಲೆ ಸಿಡ್ನಿಗೆ ಬಂದು, ಪ್ಯಾರಮಟ್ಟಾದ ವೃದ್ಧರ ನರ್ಸಿಂಗ್ ಹೋಮಿನಲ್ಲಿ ನೆಲೆ ನಿಂತಿದ್ದರು. ಅರವತ್ತಕ್ಕೆ ಒಂದು ಕಡಿಮೆ ವಯಸ್ಸು. ಮದುವೆಯಾಗಿರಲಿಲ್ಲ, ಯಾಕೆಂದು ಕೇಳುವ ಧೈರ್ಯ ನನಗೆ ಗೊತ್ತಿದ್ದ ಯಾರಿಗೂ ಇರಲಿಲ್ಲ.

ಎದುರಿಗೆ ಕೂತವರ ಮುಖ ನೋಡಿಯೇ ಅವರ ಒಳಗಿನ ಸಮಾಚಾರ ಹೇಳುವುದು ಆಂಟಿಯ ಅಭ್ಯಾಸ. ಬಸ್ಸಿನಲ್ಲಿ ಅಪರಿಚಿತರಿಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ ನನ್ನನ್ನು ಎಷ್ಟೋ ಸಲ ಮುಜುಗರಕ್ಕೆ ಸಿಕ್ಕಿಸಿದ್ದಾರೆ. ಇಬ್ಬರು ಆಮೇಲೆ ಥ್ಯಾಂಕ್ಸ್ ಹೇಳಿದ್ದೂ ಉಂಟು.

2018ರ ಏಪ್ರಿಲ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ನನ್ನ ಕೋಣೆಯಿಂದ ನರಳಿದ ಸದ್ದು ಕೇಳಿ ಅವರು ಬಿಪಿ ನೋಡುವ ಮಿಷನ್ ಹಿಡಿದುಕೊಂಡೇ ಒಳಗೆ ಬಂದರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುವಷ್ಟರಲ್ಲಿ ನಾನು ನಿಜ ಹೇಳಬೇಕಾಯಿತು. ಎದೆನೋವಲ್ಲ. ಲ್ಯಾಪ್‌ಟಾಪಿನಲ್ಲಿ ಐದೈದು ಜನರ ಎರಡು ತಂಡಗಳು ಒಂದನ್ನೊಂದು ಗುಂಡಿಟ್ಟು ಉರುಳಿಸುವ ವಿಡಿಯೊ ಗೇಮ್ ಪಂದ್ಯ ನಡೆಯುತ್ತಿತ್ತು. ನಾನು ಇಪ್ಪತ್ತು ಡಾಲರ್ ಬೆಟ್ ಕಟ್ಟಿದ್ದ ತಂಡ ಆಗಷ್ಟೇ ಸೋತಿತ್ತು.

ಬೈಗುಳ ಬರುತ್ತದೆಂದು ಕಾದೆ. ಅವರು ಬಿಪಿ ಸರಿಯಿದೆಯೆಂದು ಹೇಳಿ ಪಟ್ಟಿ ಬಿಚ್ಚಿದರು. ಮಂಚದ ಅಂಚಿಗೆ ಕೂತರು.

“ಎಂತ ಅದು? ಸುರುವಿಂದ ಹೇಳು.”

ಹೇಳಿದೆ. ಮಕ್ಕಳಾಟವಲ್ಲ, ಆಡುವವರಿಗೆ ಸಂಬಳವಿದೆ, ನೋಡಲು ಜನ ಟಿಕೆಟ್ ಕೊಂಡು ಹಾಲ್ ತುಂಬುತ್ತಾರೆ, ಕುದುರೆಗೆ ಕಟ್ಟಿದ ಹಾಗೆಯೇ ಇದಕ್ಕೂ ಕಟ್ಟಬಹುದು. ಒಂದು ಪಂದ್ಯಕ್ಕೆ ಮೂರು ಸುತ್ತು, ಎರಡು ಗೆದ್ದವರಿಗೆ ಜಯ. ಗೆಲ್ಲುತ್ತಾರೆಂದು ಎಲ್ಲರೂ ನಂಬಿದ ತಂಡಕ್ಕೆ ಕಟ್ಟಿದರೆ ಕಡಿಮೆ ಬರುತ್ತದೆ, ಯಾರೂ ನಂಬದ ತಂಡಕ್ಕೆ ಕಟ್ಟಿ ಗೆದ್ದರೆ ಹೆಚ್ಚು. ಎರಡೂ ಸಮಬಲದ ತಂಡವಾದರೆ ಎಷ್ಟು ಎಂದು ಕೇಳಿದರು. ಎರಡಕ್ಕೂ ಒಂದು ಡಾಲರಿಗೆ ಒಂದು ಎಂಬತ್ತೈದು ಎಂದೆ.

ಆಂಟಿ ಬೆರಳು ಮಡಿಚಿದರು. “ಎರಡೂ ಕಡೆಗೆ ಹತ್ತು ಹತ್ತು ಹಾಕಿದರೆ ನನ್ನ ಇಪ್ಪತ್ತು ಹೋಯಿತು. ಯಾರು ಗೆದ್ದರೂ ಬರುವುದು ಹದಿನೆಂಟೂವರೆ. ಒಂದೂವರೆ ಎಲ್ಲಿ ಹೋಯಿತು?”

“ಕಂಪನಿಗೆ, ಆಂಟಿ.”

“ನಮ್ಮ ಇಗರ್ಜಿಯ ಹೌಸಿಯಲ್ಲೂ ಹಾಗೆಯೇ. ಆದರೆ ಅಲ್ಲಿ ಕಡೆಗೆ ಒಂದು ಸಮೋಸವಾದರೂ ಕೊಡ್ತಾರೆ.” ಇಗರ್ಜಿಯೆಂದರೆ ಅವರ ಚರ್ಚು, ಹೌಸಿಯೆಂದರೆ ಅಲ್ಲಿ ದುಡ್ಡು ಕಟ್ಟಿ ಆಡುವ ನಂಬರಿನ ಆಟ.

ಒಂದು ವರ್ಷದಿಂದ ಬೆಟ್ ಕಟ್ಟುತ್ತಿದ್ದ ನಾನು ಆ ಲೆಕ್ಕವನ್ನು ಒಮ್ಮೆಯೂ ಹಾಕಿ ನೋಡಿರಲಿಲ್ಲ.

ಮುಂದಿನ ಭಾನುವಾರ ಅವರು ಚಹಾದ ಎರಡು ಲೋಟ ಹಿಡಿದು ತಾವಾಗಿಯೇ ಬಂದರು. ಆಟ ಅವರಿಗೆ ಅರ್ಥವಾಗಲಿಲ್ಲ. ಯಾರು ಯಾರನ್ನು ಹೊಡೆದರೆಂದು ತಿಳಿಯುವಷ್ಟರಲ್ಲಿ ಸತ್ತವನು ಮತ್ತೆ ಎದ್ದು ಓಡುತ್ತಿರುವುದು ನೋಡಿ ಸಿಟ್ಟಾದರು. ಅವರ ಕಣ್ಣೆಲ್ಲ ಪರದೆಯ ಮೂಲೆಯಲ್ಲಿ ಪುಟ್ಟದಾಗಿ ಕಾಣುವ ಆಟಗಾರರ ಮುಖಗಳ ಮೇಲೆ. ಆ ನೀಲಿ ಟೋಪಿಯವನು ಎರಡು ದಿನದಿಂದ ಮಲಗಿಲ್ಲ. ಈ ಕಡೆಯವನ ಬಲಗೈ ಮಣಿಕಟ್ಟು ನೋಯುತ್ತಿದೆ, ನೋಡು, ಪ್ರತಿ ಸಲ ಇಳಿಬಿಟ್ಟು ಒದರುತ್ತಾನೆ. ಈ ತಂಡ ಮೊದಲ ಸುತ್ತು ಗೆದ್ದರೂ ಮೂರನೆಯದಕ್ಕೆ ಕುಸಿಯುತ್ತದೆ. ಕುಸಿಯಿತು.

ತಿಂಗಳೊಳಗೆ ಆಂಟಿ ತಮ್ಮದೇ ಖಾತೆ ತೆರೆದಿದ್ದರು. ಒಂದು ಸಲಕ್ಕೆ ಐದು ಡಾಲರಿಗಿಂತ ಹೆಚ್ಚು ಕಟ್ಟುವುದಿಲ್ಲವೆಂದು ಅವರೇ ಗೆರೆ ಹಾಕಿಕೊಂಡರು. ನಮಗೆ ಇಷ್ಟವಾದ ತಂಡದ ಮೇಲೆ ಎಂದೂ ಕಟ್ಟಬಾರದೆಂದು ನಾನು ಎಲ್ಲೋ ಓದಿದ್ದನ್ನು ಹೇಳಿದ್ದೆ. ನಾನು ಅದನ್ನು ಪಾಲಿಸಿದ್ದಿಲ್ಲ, ಅವರು ಒಂದು ಸಲವೂ ತಪ್ಪಲಿಲ್ಲ. ಜುಲೈ ಹೊತ್ತಿಗೆ ಅವರು ಗೆದ್ದ ದುಡ್ಡಿನಲ್ಲಿ ಹೊಸ ಪ್ರೆಶರ್ ಕುಕ್ಕರ್ ಬಂದಿತ್ತು. ಇಗರ್ಜಿಯ ಹೆಂಗಸರ ಸಂಘಕ್ಕೆ ಆಗ ಅವರೇ ಅಧ್ಯಕ್ಷೆ. ಕುಕ್ಕರ್ ಎಲ್ಲಿಂದ ಬಂತೆಂದು ಕೇಳಿದವರಿಗೆ “ಡಿಸ್ಕೌಂಟಲ್ಲಿ” ಎನ್ನುತ್ತಿದ್ದರು.

ಆಗಸ್ಟಿನಲ್ಲಿ ಮೆಲ್ಬರ್ನ್‌ನ ಒಂದು ಹೊಸ ತಂಡದ ಪಂದ್ಯ ನೋಡುತ್ತಿದ್ದೆವು. ಈ ಆಟದಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಆಡುವುದಿಲ್ಲ, ಅಡ್ಡಹೆಸರು ಇಟ್ಟುಕೊಳ್ಳುತ್ತಾರೆ. ನಾನು ಪಟ್ಟಿ ಓದುತ್ತ ಹೋದವನು ನಾಲ್ಕನೆಯದಕ್ಕೆ ನಿಂತೆ. ಇಂಗ್ಲಿಷ್ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಬಂಗುಡೆ.

“ಮೀನಿನ ಹೆಸರಾ?” ಎಂದು ಆಂಟಿ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಗ್ಗಿದರು. ದೊಡ್ಡ ಹೆಡ್‌ಫೋನ್ ಹಾಕಿಕೊಂಡ, ಕೂದಲು ಮೇಲೆತ್ತಿ ಕಟ್ಟಿದ ಹುಡುಗಿ. ಆಂಟಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ, “ಇವಳು ನಮ್ಮ ಜೊವಾನ್,” ಎಂದರು.

ಜೊವಾನ್ ಅವರ ತಂಗಿ ಡೆಲ್ಫಿನ್‌ನ ಒಬ್ಬಳೇ ಮಗಳು. ಮೆಲ್ಬರ್ನ್‌ನ ವೆರಿಬೀಯಲ್ಲಿ ಅಪ್ಪ ಅಮ್ಮನ ಜೊತೆ ಇದ್ದಳು. ಇಪ್ಪತ್ತೊಂದು ವಯಸ್ಸು, ಫಾರ್ಮಸಿ ಮೂರನೆಯ ವರ್ಷ. ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಹಗಲೆಲ್ಲ ಓದುತ್ತಾಳೆಂದು ಡೆಲ್ಫಿನ್ ಆಂಟಿ ಫೋನಿನಲ್ಲಿ ಹೆಮ್ಮೆಪಟ್ಟದ್ದನ್ನು ಬರ್ಥಾ ಆಂಟಿ ನನಗೆ ಎಷ್ಟೋ ಸಲ ಹೇಳಿದ್ದರು.

ಮರುದಿನ ಬರ್ಥಾ ಆಂಟಿ ಜೊವಾನ್‌ಗೆ ಫೋನ್ ಮಾಡಿದರು. ಅವಳು ಮೊದಲು ಬೆಚ್ಚಿದಳು, ಆಮೇಲೆ ಬೇಡಿಕೊಂಡಳು. ಡಿಗ್ರಿ ಮುಗಿಯುವವರೆಗೆ ಮಮ್ಮಿಗೆ ಗೊತ್ತಾಗಬಾರದು. ಆಂಟಿ ಒಪ್ಪಿದರು, ಮಣಿಕಟ್ಟಿಗೆ ಎರಡು ವ್ಯಾಯಾಮವನ್ನೂ ಹೇಳಿಕೊಟ್ಟರು. ತಮ್ಮ ಖಾತೆಯ ವಿಷಯ ಮಾತ್ರ ಹೇಳಲಿಲ್ಲ. ಅವಳ ಪಂದ್ಯಗಳಿಗೆ ಯಾವ ಕಡೆಗೂ ಕಟ್ಟದೆ ಸುಮ್ಮನೆ ನೋಡುತ್ತಿದ್ದರು.

ಸೆಪ್ಟೆಂಬರಿನಲ್ಲಿ ಡೆಲ್ಫಿನ್ ಆಂಟಿ ಮತ್ತು ಅವರ ಗಂಡ ಲಿಯೋನ್ ಅಂಕಲ್ ಮದುವೆಯಾಗಿ ಇಪ್ಪತ್ತೈದು ವರ್ಷ. ಭಾನುವಾರ ಇಗರ್ಜಿಯಲ್ಲಿ ಪೂಜೆ, ಆಮೇಲೆ ಊಟ. ಅದರ ಹಿಂದಿನ ದಿನ ಶನಿವಾರವೇ ಮೆಲ್ಬರ್ನ್ ನಗರದಲ್ಲಿ ಜೊವಾನ್ ತಂಡದ ಫೈನಲ್. ಆಂಟಿ ನನ್ನನ್ನೂ ಕರೆದುಕೊಂಡು ಹೊರಟರು. ತಂಗಿಗೆ ಹೇಳಿದ ನೆಪ, ಯತೀಶ ಪಾಪ ಮೆಲ್ಬರ್ನ್ ನೋಡಿಲ್ಲ. ನಾನು ಅಲ್ಲಿಗೆ ನಾಲ್ಕು ಸಲ ಹೋಗಿದ್ದೆ.

ಶನಿವಾರ ಬೆಳಿಗ್ಗೆ ವೆರಿಬೀಯ ಅಡುಗೆಮನೆಯಲ್ಲಿ ಜೊವಾನ್ ತಿಂಡಿ ಮುಟ್ಟದೆ ಕೂತಿದ್ದಳು. ಆಂಟಿ ಹಣೆ ಮುಟ್ಟಿ ನೋಡಿದರು, ಬಚ್ಚಲಿಗೆ ಕರೆದೊಯ್ದು ಥರ್ಮಾಮೀಟರ್ ಇಟ್ಟರು. ಮೂವತ್ತೆಂಟೂವರೆ, ಊರಿನ ಲೆಕ್ಕದಲ್ಲಿ ನೂರಾ ಒಂದು ಡಿಗ್ರಿ ಜ್ವರ. ತಂಡದವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗಬಾರದು ಆಂಟಿ, ಎಂದಳಂತೆ. ಮಾತ್ರೆ ನುಂಗಿ, ಅಮ್ಮನಿಗೆ ಲೈಬ್ರರಿ ಎಂದು ಹೇಳಿ ಮೊದಲೇ ಹೊರಟುಹೋದಳು.

ನಾವು ಆಮೇಲಿನ ರೈಲು ಹಿಡಿದೆವು. ಎರಡು ಸ್ಟೇಷನ್ ದಾಟಿರಬೇಕು, ಇವತ್ತಿನ ಬೆಟ್ಟಿನ ದರ ಎಷ್ಟೆಂದು ಆಂಟಿ ಕೇಳಿದರು. ಜೊವಾನ್ ತಂಡವೇ ಗೆಲ್ಲುತ್ತದೆಂದು ಎಲ್ಲರ ನಂಬಿಕೆ. ಅವರಿಗೆ ಒಂದು ಐವತ್ತೈದು, ಎದುರಿನವರಿಗೆ ಎರಡು ಮೂವತ್ತು. ಆಂಟಿ ತಮ್ಮ ಫೋನ್ ತೆಗೆದು, ಒಂದೊಂದೇ ಅಂಕಿ ಒತ್ತಿ, ತಮ್ಮ ಐದು ಡಾಲರಿನ ಗೆರೆ ದಾಟಿ ಐವತ್ತು ಕಟ್ಟಿದರು. ಎದುರಿನವರ ಮೇಲೆ.

“ಆಂಟಿ, ನಿಮ್ಮ ಹುಡುಗಿ ಅಲ್ವಾ ಅದು?”

“ಹುಡುಗಿ ನನ್ನದೇ. ಜ್ವರ ನೋಡಿದ್ದೂ ನಾನೇ,” ಎಂದು ಫೋನ್ ಬ್ಯಾಗಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದರು.

ನದಿಯ ದಡದಲ್ಲಿ ಫೈನಲ್ ನಡೆಯುವ ಹಾಲ್‌ನಲ್ಲಿ ಸಾವಿರಾರು ಜನ. ಬಹುಪಾಲು ಇಪ್ಪತ್ತರ ಆಸುಪಾಸಿನವರು, ಕಪ್ಪು ಟೀಶರ್ಟಿನವರು. ನಡುವೆ ಕೆನ್ನೀಲಿ ಸ್ವೆಟರ್ ಹಾಕಿದ ಆಂಟಿ ಮಡಿಲಲ್ಲಿ ಬ್ಯಾಗ್ ಇಟ್ಟುಕೊಂಡು ಕೂತರು. ವೇದಿಕೆಯ ಮೇಲಿನ ಭಾರಿ ಪರದೆಯಲ್ಲಿ ಆಟಗಾರರ ಮುಖ ಬಸ್ಸಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೊದಲ ಸುತ್ತಿನಲ್ಲಿ ಜೊವಾನ್ ತಂಡ ನೆಲ ಕಚ್ಚಿತು. ಅವಳ ಕೆನ್ನೆ ಕೆಂಪಗೆ, ತುಟಿ ಒಣಗಿ, ಕೈ ತಡವಾಗಿ ಏಳುತ್ತಿತ್ತು. ಹಾಗಿದ್ದೂ ಆ ಸುತ್ತಿನ ಉದ್ದಕ್ಕೂ ಅವಳ ಪರವಾಗಿ ಎಲ್ಲರಿಗಿಂತ ಜೋರಾಗಿ ಕಿರುಚಿದವರು ಆಂಟಿಯೇ. ಹೃದಯ ಒಂದು ಕಡೆ, ಬ್ಯಾಗಿನೊಳಗಿನ ಬೆಟ್ ಇನ್ನೊಂದು ಕಡೆ, ಯಾವುದು ನಿಜವೆಂದು ನಾನು ಯೋಚಿಸುತ್ತ ಕೂತೆ.

ಎರಡನೆಯ ಸುತ್ತಿನ ನಡುವೆ ಪರದೆಯಲ್ಲಿ ಜೊವಾನ್‌ನ ಮುಖ ಮತ್ತೆ ಬಂತು. ಆಂಟಿ ನನ್ನ ಮೊಣಕೈ ಹಿಡಿದರು.

“ನೋಡು, ಬೆವರಿದ್ದಾಳೆ. ಜ್ವರ ಇಳಿಯಿತು.”

ಅಷ್ಟು ಸಾವಿರ ಜನರಲ್ಲಿ ಅದು ತಿಳಿದದ್ದು ಅವರೊಬ್ಬರಿಗೇ. ಹತ್ತು ನಿಮಿಷದಲ್ಲಿ ಜೊವಾನ್ ತಂಡ ಆ ಸುತ್ತು ಗೆದ್ದಿತು. ಮೂರನೆಯದು ಶುರುವಾಗುತ್ತಿದ್ದಂತೆ ಆಂಟಿ ಎದ್ದರು. ಈಗ ಜೊವಾನ್ ಮೇಲೂ ಕಟ್ಟಬೇಕಂತೆ. ಪಂದ್ಯ ಶುರುವಾದ ಮೇಲೆ ಆನ್‌ಲೈನ್‌ನಲ್ಲಿ ಕಟ್ಟುವುದಕ್ಕೆ ಈ ದೇಶದ ಕಾನೂನು ಬಿಡುವುದಿಲ್ಲ, ಫೋನ್ ಮಾಡಿ ಬಾಯಿಂದಲೇ ಹೇಳಬೇಕು ಎಂದೆ. ಅವರು ಬ್ಯಾಗ್ ಅವುಚಿಕೊಂಡು ಹೊರಗಿನ ಕಾರಿಡಾರಿಗೆ ನಡೆದರು. ಒಬ್ಬರನ್ನೇ ಬಿಡುವುದು ಹೇಗೆಂದು ನಾನೂ ಹಿಂದೆ ಹೋದೆ.

ಫೋನಿನಲ್ಲಿ ಮೊದಲು ಸಂಗೀತ. ಆಮೇಲೆ ಒಬ್ಬಳು ಬಂದು ಹೆಸರು ಕೇಳಿದಳು, ಹುಟ್ಟಿದ ತಾರೀಖು ಕೇಳಿದಳು, ಖಾತೆ ತೆರೆಯುವಾಗ ಕೊಟ್ಟ ಗುಟ್ಟಿನ ಪ್ರಶ್ನೆಗೆ ಉತ್ತರ ಕೇಳಿದಳು. ನಿಮ್ಮ ಮೊದಲ ಶಾಲೆ ಯಾವುದು? ಬಜಪೆಯ ಶಾಲೆಯ ಹೆಸರನ್ನು ಆಂಟಿ ಮೂರು ಸಲ ಹೇಳಿದರು, ಅಕ್ಷರ ಬಿಡಿಸಿ ಹೇಳಿದರು. ಅವಳು ಮತ್ತೆ ಸಂಗೀತ ಹಾಕಿ ಎಲ್ಲೋ ಹೋದಳು. ಅಷ್ಟರಲ್ಲಿ ಗೋಡೆಯ ಆ ಕಡೆಯಿಂದ ಇಡೀ ಹಾಲ್ ಒಂದೇ ಗಂಟಲಾಗಿ ಕೂಗಿತು. ಕಾರಿಡಾರಿನ ನೆಲ ನಡುಗಿತು. ನಾವು ಬಾಗಿಲು ತಳ್ಳಿ ಒಳಗೆ ಬರುವಾಗ ಜೊವಾನ್‌ನನ್ನು ಅವಳ ತಂಡದವರು ಭುಜದ ಮೇಲೆ ಎತ್ತಿದ್ದರು. ಕೊನೆಯ ಇಬ್ಬರು ಎದುರಾಳಿಗಳನ್ನು ಅವಳೊಬ್ಬಳೇ ಉರುಳಿಸಿದಳಂತೆ. ಪಕ್ಕದ ಸೀಟಿನವನು ಅದನ್ನು ಕೈಯಾಡಿಸಿ ವರ್ಣಿಸಿದ. ಆಂಟಿ ಅವನ ಬಾಯಿಯನ್ನೇ ನೋಡುತ್ತ ಕೇಳಿಸಿಕೊಂಡರು. ಐವತ್ತು ಡಾಲರ್ ಹೋಗಿತ್ತು. ರೈಲಿನಲ್ಲಿ ಅವರು ಎರಡು ಸಲ, “ನಾನು ನೋಡಲೇ ಇಲ್ಲ ಮಾರಾಯ,” ಎಂದರು.

ಜೊವಾನ್ ಸೇರಿ ನಾವು ಮೂವರೂ ವೆರಿಬೀ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಲ್ಲಿಯ ಇಗರ್ಜಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಜೊವಾನ್ ಟ್ರೋಫಿ ಹಿಡಿದ ಫೋಟೊ ಹಾಕಿದ್ದರು. ಡೆಲ್ಫಿನ್ ಆಂಟಿ ಸೋಫಾದ ನಡುವೆ ಫೋನ್ ಹಿಡಿದು ಕೂತಿದ್ದರು. ಲಿಯೋನ್ ಅಂಕಲ್ ಪಕ್ಕದಲ್ಲಿ ಬೆಳಗಿನ ಪೇಪರನ್ನು ಸಂಜೆ ಓದುತ್ತಿದ್ದರು. ಕಾಲು ಗಂಟೆ ಕೊಂಕಣಿಯಲ್ಲಿ ಬೈಗುಳ ನಡೆಯಿತು. ನನಗೆ ಅರ್ಥವಾದದ್ದು ಫಾರ್ಮಸಿ, ಲೈಬ್ರರಿ ಎಂಬ ಎರಡು ಪದ. ಜೊವಾನ್ ಇಂಗ್ಲಿಷಿನಲ್ಲಿ ಶಾಂತವಾಗಿ ಉತ್ತರ ಕೊಟ್ಟಳು, ಫೋನಿನಲ್ಲಿ ಮಾರ್ಕ್ಸ್ ತೆಗೆದು ತೋರಿಸಿದಳು. ಎಲ್ಲದರಲ್ಲೂ ಪಾಸಾಗಿದ್ದಳು. ಡೆಲ್ಫಿನ್ ಆಂಟಿಯ ದನಿ ಇಳಿಯಿತು. ಟ್ರೋಫಿಯನ್ನು ಎತ್ತಿ ತೂಕ ನೋಡಿದರು. ದೇವರ ಮುಂದಿನ ಮೊಂಬತ್ತಿಗಳ ಪಕ್ಕದಲ್ಲಿ ಇಟ್ಟರು.

ಇನ್ನು ಎಲ್ಲ ಸರಿಹೋಯಿತೆಂದು ನಾನು ತಿಳಿದದ್ದೇ ತಪ್ಪಾಯಿತು. ಗುಟ್ಟು ಮುಚ್ಚಿಟ್ಟ ಅಕ್ಕನ ಮೇಲೆ ಅವರಿಗಿದ್ದ ಕೋಪವನ್ನೂ ಕರಗಿಸೋಣವೆಂದು ಹೋಗಿ, ಬರ್ಥಾ ಆಂಟಿಗೂ ಇವತ್ತು ಕಷ್ಟವೇ ಆಯಿತು, ಪಾಪ ಐವತ್ತು ಡಾಲರ್ ಸೋತರು, ಎಂದುಬಿಟ್ಟೆ.

ಡೆಲ್ಫಿನ್ ಆಂಟಿ ನನ್ನ ಕಡೆ ತಿರುಗಿದರು, ಆಮೇಲೆ ಅಕ್ಕನ ಕಡೆ. ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲಿ ಕೇಳಿದರು.

“ಗೆದ್ದದ್ದು ಜೊವಾನ್ ಅಲ್ವಾ? ಮತ್ತೆ ನೀನು ಸೋತದ್ದು ಹೇಗೆ?”

ಲಿಯೋನ್ ಅಂಕಲ್ ಪೇಪರ್ ಇಳಿಸಿದರು. ಬರ್ಥಾ ಆಂಟಿ ಎದ್ದು ಟ್ರೋಫಿಯ ಪಕ್ಕದ ಮೊಂಬತ್ತಿಯನ್ನು ನೆಟ್ಟಗೆ ಮಾಡಿದರು.

ಜೂಜಾಡಿದ್ದಕ್ಕೆ ತಂಗಿ ಒಂದಕ್ಷರ ಬೈಯಲಿಲ್ಲ. ಹಾಕುವುದಾದರೆ ನಮ್ಮ ಹುಡುಗಿಯ ಮೇಲೆ ಹಾಕಲಿಕ್ಕೆ ಏನಾಗಿತ್ತು ಎಂಬುದೊಂದೇ ಮಾತು, ಊಟದ ಮೊದಲು, ಊಟದ ನಡುವೆ, ಮರುದಿನ ಪೂಜೆಗೆ ಹೊರಡುವಾಗ ಕಾರಿನಲ್ಲಿ. ಜೊವಾನ್ ಮೊದಲು ನಕ್ಕಳು. ಆ ಜ್ವರದಲ್ಲಿ ತಾನಾದರೂ ತನ್ನ ಮೇಲೆ ಕಟ್ಟುತ್ತಿರಲಿಲ್ಲ ಎಂದಳು. ಆಮೇಲೆ ಆಂಟಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನಗದೆ ಇನ್ನೊಂದು ಮಾತು ಹೇಳಿದಳು. ಆಟಗಾರರ ಮನೆಯವರು ಒಳಗಿನ ಸುದ್ದಿ ತಿಳಿದು ಬೆಟ್ ಕಟ್ಟುವಂತಿಲ್ಲ, ಗೊತ್ತಾದರೆ ಅವಳನ್ನೇ ತಂಡದಿಂದ ತೆಗೆಯುತ್ತಾರೆ. ಆಂಟಿಗೆ ಅದು ನಿಜವಾಗಿಯೂ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ, ಸುರುವಿಂದ ಹೇಳು ಎಂದಾಗ ಆ ನಿಯಮ ಬಿಟ್ಟುಹೋಗಿತ್ತು. ಅವರು ಅಲ್ಲೇ ಹಿತ್ತಲಿನ ಕುರ್ಚಿಯಲ್ಲಿ ಕೂತು, ಅವಳ ಎದುರಿಗೇ ಖಾತೆ ಮುಚ್ಚಿದರು. ಮುಚ್ಚುವಾಗಲೂ ಕಂಪನಿಯವರು ಅದೇ ಮೊದಲ ಶಾಲೆಯ ಹೆಸರು ಕೇಳಿದರಂತೆ.

ಎರಡು ತಿಂಗಳು ವೆರಿಬೀಯಿಂದ ಫೋನ್ ಬರಲಿಲ್ಲ. ಆಂಟಿ ಭಾನುವಾರದ ಚಹಾ ಬಿಡಲಿಲ್ಲ. ಆದರೆ ಈಗ ಅವರಿಗೆ ಆಟವೇ ಅರ್ಥವಾಗತೊಡಗಿತ್ತು, ಮುಖ ನೋಡುವುದನ್ನು ಮರೆತು ಆಟದಲ್ಲಿ ಎದುರಾಳಿಗಳು ಬಾಂಬು ಎಲ್ಲಿಟ್ಟರೆಂದು ಹುಡುಕುತ್ತಿದ್ದರು. ನವೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ನಾನು ಹಾಲ್‌ನಲ್ಲಿ ಅಂಗಿ ಇಸ್ತ್ರಿ ಮಾಡುತ್ತಿದ್ದಾಗ ಡೆಲ್ಫಿನ್ ಆಂಟಿಯ ಫೋನ್ ಬಂತು, ಬರ್ಥಾ ಆಂಟಿ ಸ್ಪೀಕರ್ ಹಾಕಿದರು. ಕ್ಷೇಮ ಸಮಾಚಾರವಿಲ್ಲ, ನೇರ ಪ್ರಶ್ನೆ: ಎರಡೂ ಕಡೆ ಸರಿಸಮ ಆದರೆ ಆಮೇಲೆ ಎಂತ ಮಾಡ್ತಾರೆ? ಅವರೂ ಮಗಳ ಪಂದ್ಯ ನೋಡುತ್ತಿದ್ದಾರೆಂದು ಆಗ ಗೊತ್ತಾಯಿತು. ಆಂಟಿ ಮುಕ್ಕಾಲು ಗಂಟೆ ಪಾಠ ಮಾಡಿದರು. ಕೊಂಕಣಿ ಆ ಹೊತ್ತಿಗೆ ನನಗೂ ಅಷ್ಟಿಷ್ಟು ಹತ್ತಿತ್ತು. ಕೊನೆಗೆ ಡೆಲ್ಫಿನ್ ಆಂಟಿ ದನಿ ತಗ್ಗಿಸಿ, ಜೊವಾನ್ ಇಲ್ಲದ ಬೇರೆ ಪಂದ್ಯಕ್ಕಾದರೆ ಪರವಾಗಿಲ್ಲವೇ ಎಂದು ಕೇಳಿದ್ದು, ತನ್ನ ಖಾತೆ ಮುಚ್ಚಿತೆಂದು ಬರ್ಥಾ ಆಂಟಿ ಹೇಳಿದ್ದು, ಆ ಕಡೆಯಿಂದ “ಯತೀಶನದ್ದು ಉಂಟಲ್ಲ” ಎಂದು ಬಂದದ್ದು, ಎಲ್ಲ ಸ್ಪಷ್ಟವಾಗಿ ಕೇಳಿಸಿತು. ನಾನು ಅಂಗಿಯ ಕಾಲರನ್ನು ಎರಡನೆಯ ಸಲ ಇಸ್ತ್ರಿ ಮಾಡತೊಡಗಿದೆ.